ಸೂಜಿ ಹಾಕಿಸಿದ್ಮೇಲೆ ಎಷ್ಟು ದಿನ ನೋಡ್ಕೋಬೇಕು?

ಅತ್ತಿಗೆ, ಈಗ ತಾನೇ ನಿಮ್ಮ ಮೆಸೇಜ್ ನೋಡ್ದೆ. ಪಾಪುಗೆ ಒಂದೂವರೆ ತಿಂಗಳ ಸೂಜಿ ಹಾಕಿಸ್ಕೊಂಡ್ ಬಂದ್ವಿ, ಎಷ್ಟು ದಿನ ನೋಡ್ಕೋಬೇಕು ಅಂತ ಕೇಳಿದ್ದೀರಿ. "ಒಂದು ದಿನ ಕಳೆದ್ರೆ ಮುಗೀತು" ಅಂತ ಚಿಕ್ಕಪ್ಪ ಬರ್ದಿದ್ದಾರೆ. ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ಒಂದೊಂದು ಲಸಿಕೆ ತೊಂದರೆ ತೋರ್ಸೋ ಹೊತ್ತೇ ಬೇರೆ.

ಹಾಕಿದ ಜಾಗದಲ್ಲೇ ಅರ್ಧ ಗಂಟೆ ಕೂರಿಸ್ತಾರಲ್ಲ, ಅದು ಅಲರ್ಜಿಗೋಸ್ಕರ. ಮೈಮೇಲೆ ದದ್ದು, ತುಟಿ ಊತ, ಉಸಿರಲ್ಲಿ ಸುಯ್ ಅನ್ನೋ ಸದ್ದು, ಮಗು ಬಿಳಿಚ್ಕೊಂಡು ಸುಸ್ತಾಗೋದು, ಇವೆಲ್ಲ ಸಾಮಾನ್ಯವಾಗಿ ನಿಮಿಷಗಳಲ್ಲೇ ಶುರುವಾಗುತ್ತೆ. ಆಗ ಜೀವ ಉಳಿಸೋಕೆ ಬೇಕಾಗೋ ಅಡ್ರಿನಲಿನ್ ಅನ್ನೋ ಸೂಜಿಮದ್ದು ಅಲ್ಲಿ ಸಿಗುತ್ತೆ, ಮನೇಲಿ ಸಿಗಲ್ಲ. ಆಟೋ ಕಾಯ್ತಿದೆ ಅಂತ ಹತ್ತೇ ನಿಮಿಷಕ್ಕೆ ಎದ್ದು ಬರಬಾರದು ಅನ್ನೋದು ಅದಕ್ಕೆ.

ಇವತ್ತು, ನಾಳೆ ರಾತ್ರಿ ನೋಡ್ಕೋಬೇಕಾದ್ದು ಪೆಂಟಾದ್ದು, ಅಂದ್ರೆ ಐದು ಕಾಯಿಲೆಗೆ ಸೇರಿಸಿ ತೊಡೆಗೆ ಹಾಕೋ ಒಂದೇ ಸೂಜಿ. ಅದರಲ್ಲಿ ನಾಯಿಕೆಮ್ಮಿನ ಭಾಗ ಇದೆ ನೋಡಿ, ಜ್ವರಕ್ಕೂ ತೊಡೆ ಊತಕ್ಕೂ ಮುಖ್ಯ ಕಾರಣ ಅದೇ. (ದುಡ್ಡು ಕೊಟ್ಟು "ನೋವಿಲ್ಲದ್ದು" ಅಂತ ಹಾಕ್ಸೋದರಲ್ಲಿ ಆ ಭಾಗಾನ ಶುದ್ಧಿ ಮಾಡಿರ್ತಾರೆ, ಅದಕ್ಕೆ ಜ್ವರ ಕಮ್ಮಿ.) ಒಂದೆರಡು ದಿನದಲ್ಲಿ ಇಳಿಯುತ್ತೆ. ತೊಡೆಗೆ ತಣ್ಣೀರು ಬಟ್ಟೆ ಸಾಕು. ಅಜ್ಜಿ ಹೇಳಿದ ಹಾಗೆ ಬಿಸಿ ಶಾಖ ಕೊಡೋದು, ಉಜ್ಜೋದು, ಅರಿಶಿನ ಮೆತ್ತೋದು ಯಾವುದೂ ಬೇಡ. ನೋವಿಲ್ಲದ ಚಿಕ್ಕ ಗಂಟು ಕೆಲವು ವಾರ ಉಳಿದ್ರೂ ಪರವಾಗಿಲ್ಲ. ಮೂರು ದಿನ ಆದ್ಮೇಲೂ ಕೆಂಪು ಹರಡ್ತಾ ಇದ್ರೆ, ಕೀವು ಕಟ್ಟಿದ್ರೆ ತೋರ್ಸಿ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಮಾತ್ರ ಹುಷಾರು. ಲೆಕ್ಕ ತೂಕದ ಮೇಲೆ, ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. ನಾಲ್ಕೂವರೆ ಕಿಲೋ ಮಗುಗೆ ಸುಮಾರು 50 ಮಿಲಿಗ್ರಾಂ ಅಂದ್ಕೊಳ್ಳಿ. 5 ಎಂಎಲ್‌ಗೆ 125 ಅಂತ ಬರ್ದಿರೋ ಸಿರಪ್ ಆದ್ರೆ 2 ಎಂಎಲ್. ಡ್ರಾಪ್ಸ್ ಬಾಟ್ಲಿ ಮೇಲೆ 1 ಎಂಎಲ್‌ಗೇ 100 ಅಂತ ಇದ್ರೆ ಬರೀ ಅರ್ಧ ಎಂಎಲ್. ಸಿರಪ್ ಲೆಕ್ಕ ನೆನಪಿಟ್ಕೊಂಡು ಡ್ರಾಪ್ಸ್‌ನ 2 ಎಂಎಲ್ ಕೊಟ್ರೆ ನಾಲ್ಕು ಪಟ್ಟು ಹೋಯ್ತು! ಎಡವೋದೇ ಇಲ್ಲಿ. ಆರು ಗಂಟೆ ಅಂತರ ಇರ್ಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು. ಜ್ವರ ಇಲ್ದಿದ್ರೆ ಬೇಡ.

ಮೂರು ಗಂಟೆ ಬಿಡದೆ ಕಿರುಚಿ ಅಳೋದು, ಕೈಕಾಲು ಜೋತುಬಿದ್ದು ಕೂಗಿದ್ರೂ ಓಗೊಡದೆ ಇರೋದು, ಫಿಟ್ಸ್, ಹಾಲೇ ಕುಡಿಯದಿರೋದು, ಇದರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಜ್ವರ ಎರಡು ದಿನ ಕಳೆದ ಮೇಲೆ ಹೊಸದಾಗಿ ಬಂದ್ರೆ ಸೂಜೀದೇ ಅಂತ ಕೂರೋದಲ್ಲ, ಇಷ್ಟು ಚಿಕ್ಕ ಮಗುಗೆ ಅವತ್ತೇ ಡಾಕ್ಟ್ರು ನೋಡ್ಬೇಕು.

ಬಾಯಿಗೆ ರೋಟಾ ಹನಿ (ಭೇದಿ ತಡೆಯೋ ಲಸಿಕೆ) ಹಾಕಿದ್ದಾರಲ್ಲ, ಅದಕ್ಕೆ ಮೂರು ವಾರ ಗಮನ ಇರ್ಲಿ, ಅದರಲ್ಲೂ ಮೊದಲ ವಾರ. ಕರುಳು ಕರುಳೊಳಗೆ ಸೇರ್ಕೊಳ್ಳೋದು ತುಂಬಾ ಅಪರೂಪ, ಆದ್ರೆ ಹಾಗೇನಾದ್ರೂ ಆಯ್ತು ಅಂದ್ರೆ ತುರ್ತು. ಕಾಲು ಮಡಚ್ಕೊಂಡು ಅಳೋದು, ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಅಳೋದು, ಹಸಿರು ವಾಂತಿ, ಕಕ್ಕದಲ್ಲಿ ರಕ್ತ, ಅದೇ ಗುರುತು.

ಇನ್ನು, ಎಡ ತೋಳಲ್ಲಿ ಈಗ ಗುಳ್ಳೆ ಎದ್ದು ಕೀವಾದ್ರೆ ಇವತ್ತಿನ ಸೂಜಿ ಅಂತ ಗಾಬರಿ ಬೀಳ್ಬೇಡಿ. ಅದು ಹುಟ್ಟಿದಾಗ ಹಾಕಿದ ಬಿಸಿಜಿ (ಟಿಬಿ ತಡೆಯೋ ಸೂಜಿ), ಅದು ಏಳೋದೇ ಹೀಗೆ ವಾರಗಳಾದ ಮೇಲೆ. ಒಡೆದು ತಾನೇ ಒಣಗಿ ಕಲೆಯಾಗುತ್ತೆ, ಹಿಚುಕ್ಬೇಡಿ, ಏನೂ ಹಚ್ಬೇಡಿ. ಎಡ ಕಂಕುಳಲ್ಲಿ ಗಡ್ಡೆ ದಪ್ಪ ಆಗ್ತಾ ಹೋದ್ರೆ ತೋರ್ಸಿ.

ಒಂಬತ್ತು ತಿಂಗಳದ್ದು ಹಾಕ್ಸಿರೋ ತಂಗಿಗೂ ಒಂದು ಮಾತು: ದಡಾರ-ರುಬೆಲ್ಲಾದಲ್ಲಿ ಜ್ವರ, ಸಣ್ಣ ಗುಳ್ಳೆ ಬರೋದು ಸಾಮಾನ್ಯವಾಗಿ 5ರಿಂದ 12 ದಿನದ ಮೇಲೆ. ಬಲ ಕುಂದಿಸಿದ ಜೀವಂತ ವೈರಸ್ಸು ಮೈಯಲ್ಲಿ ಬೆಳೆಯೋಕೆ ಅಷ್ಟು ದಿನ ಬೇಕು. "ಏನೂ ಆಗ್ಲಿಲ್ಲ" ಅಂತ ಮರೆತ ವಾರಕ್ಕೇ ಜ್ವರ ಬರುತ್ತೆ.

ಯಾರ ಹತ್ರ ಹೋದ್ರೂ ತಾಯಿ ಕಾರ್ಡ್ ಒಯ್ಯಿರಿ, ಸೂಜಿ ಹಾಕಿದ ಟೈಮ್ ಹೇಳಿ. ಅತ್ತಿಗೆ, ಸದ್ಯಕ್ಕೆ ಮನೇಲಿರೋ ಜ್ವರದ ಬಾಟ್ಲಿ ಲೇಬಲ್ ಫೋಟೋ ತೆಗೆದು ಇಲ್ಲೇ ಹಾಕಿ, ಪಾಪು ಇವತ್ತಿನ ತೂಕಾನೂ ಬರೀರಿ.