ಪದಚರ್ಚೆ: ‘ಸುತ್ತು ಬಸ್’ ಅಂದರೆ ಯಾರು ಹತ್ತುತ್ತಾರೆ?

ಎಲ್ಲರಿಗೂ ನಮಸ್ಕಾರ.

ದೊಡ್ಡ ನಗರದ ಹೊರಬಡಾವಣೆಗಳ ನಡುವೆ ಎಕ್ಸ್‌ಪ್ರೆಸ್ ಬಸ್ ಮಾರ್ಗಗಳನ್ನು ಹೇಗೆ ಯೋಜಿಸುತ್ತಾರೆ ಅಂತ ಸಾಮಾನ್ಯ ಓದುಗರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ದಿನಾ ಬಸ್ಸಿಗೆ ಕಾಯುವವರು ಓದಿ, ತಮಗೆ ಏನು ಬೇಕು ಅಂತ ಸರಿಯಾದ ಮಾತಿನಲ್ಲಿ ಕೇಳುವಂತಾಗಬೇಕು, ಅದೇ ಆಸೆ. ಬರೆಯಲು ಕೂತಾಗ ವಿಷಯ ಕಷ್ಟವಾಗಲಿಲ್ಲ, ಪದಗಳೇ ಕಷ್ಟವಾದವು. ಮೂರ್ನಾಲ್ಕು ಪದಗಳು ಸಿಕ್ಕಿಹಾಕಿಕೊಂಡಿವೆ. ಅದರಲ್ಲಿ ಒಂದಂತೂ ಎರಡು ವಾರದಿಂದ ಬಿಡುತ್ತಿಲ್ಲ.

ಮೊದಲು ಅದನ್ನೇ ಹೇಳುತ್ತೇನೆ. ನಗರದ ಹೆಚ್ಚಿನ ಬಸ್ಸುಗಳು ಹೊರಗಿನಿಂದ ನಡುಪೇಟೆಗೆ ಬಂದು ಹಾಗೇ ವಾಪಸ್ ಹೋಗುತ್ತವೆ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಪೂರ್ವದ ಅಂಚಿನಲ್ಲಿ ಮನೆ ಇದ್ದು ಉತ್ತರದ ಅಂಚಿನಲ್ಲಿ ಕೆಲಸ ಇರುವವರೂ ನಡುವಿನವರೆಗೆ ಬರಬೇಕು, ಇಳಿಯಬೇಕು, ಇನ್ನೊಂದು ಬಸ್ ಹಿಡಿಯಬೇಕು. ಅವರಿಗೆ ನಡುಪೇಟೆಯಲ್ಲಿ ಏನೂ ಕೆಲಸ ಇರುವುದಿಲ್ಲ. ಬೇರೆ ಬಸ್ ಇಲ್ಲ ಅಂತ ಬರುತ್ತಾರೆ ಅಷ್ಟೇ. ಇಂಥವರಿಗಾಗಿ ನಡುಪೇಟೆ ಮುಟ್ಟದೆ ಅಂಚಿನಿಂದ ಅಂಚಿಗೆ ಹೋಗುವ ಮಾರ್ಗ ಇರುತ್ತದಲ್ಲ, ಇಂಗ್ಲಿಷಿನವರು ಆರ್ಬಿಟಲ್ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ನಿಘಂಟು ಹಿಡಿದು ಹೊರಟರೆ ‘ಕಕ್ಷೀಯ ಮಾರ್ಗ’ ಅಂತಾಗುತ್ತದೆ. ಇದನ್ನು ಓದಿದವರಿಗೆ ಉಪಗ್ರಹ ನೆನಪಾಗುತ್ತದೆಯೇ ಹೊರತು ಬಸ್ಸಲ್ಲ. ‘ಪರಿಧಿ ಮಾರ್ಗ’ ಅನ್ನಬಹುದು, ಪರಿಧಿ ಅನ್ನುವ ಪದ ಶಾಲೆಯ ಗಣಿತ ಪುಸ್ತಕದಿಂದ ಎಲ್ಲರಿಗೂ ಗೊತ್ತು. ಆದರೆ ಈಗ ಅದು ಜಾಸ್ತಿ ಬಳಕೆಯಾಗುವುದು ‘ಕಾನೂನಿನ ಪರಿಧಿಯಲ್ಲಿ’, ‘ಅಧಿಕಾರದ ಪರಿಧಿಯೊಳಗೆ’ ಅನ್ನುವಂಥ ಕಡೆ. ವ್ಯಾಪ್ತಿ ಅನ್ನುವ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ.

ಹಾಗಾಗಿ ಮೊದಲ ಕರಡಿನಲ್ಲಿ ‘ವರ್ತುಲ ಬಸ್’ ಅಂತ ಬರೆದೆ. ರಿಂಗ್ ರೋಡಿಗೆ ವರ್ತುಲ ರಸ್ತೆ ಅನ್ನುವುದು ರೂಢಿಗೆ ಬಂದಾಗಿದೆ, ಬಸ್ಸಿಗೂ ಒಗ್ಗುತ್ತದೆ ಅಂದುಕೊಂಡೆ. ಆ ಕರಡನ್ನು ಬಹಳ ವರ್ಷ ಕಂಡಕ್ಟರ್ ಆಗಿದ್ದ ಒಬ್ಬರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಎರಡನೇ ಪುಟದವರೆಗೆ ಓದಿದರು. ಆ ಪದದ ಮೇಲೆ ಬೆರಳಿಟ್ಟು, ‘ಹಾಗಾದ್ರೆ ಇದು ಹತ್ತಿದ ಕಡೆಗೇ ವಾಪಸ್ ತಂದು ಇಳಿಸುತ್ತಾ?’ ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ವರ್ತುಲ ಅಂದರೆ ಪೂರಾ ಸುತ್ತು. ರಸ್ತೆ ಪೂರಾ ಸುತ್ತು ಇರಬಹುದು. ಬಸ್ ಮಾರ್ಗ ಹಾಗಿರುವುದು ಅಪರೂಪ.

ಲಂಡನ್ನಿನ ಹೊರಭಾಗದಲ್ಲಿ 2023ರಿಂದ ಸೂಪರ್‌ಲೂಪ್ ಅನ್ನುವ ಎಕ್ಸ್‌ಪ್ರೆಸ್ ಬಸ್ ಜಾಲ ಶುರುವಾಗಿದೆ. ಹೆಸರಿನಲ್ಲಿ ಲೂಪ್ ಇದೆ. ಆದರೆ ಪೂರಾ ಸುತ್ತು ಹಾಕುವ ಒಂದೇ ಒಂದು ಬಸ್ ಅದರಲ್ಲಿಲ್ಲ. ಎಸ್‌ಎಲ್7 ಅನ್ನುವುದು ಹೀಥ್ರೂ ವಿಮಾನ ನಿಲ್ದಾಣದಿಂದ ಕ್ರಾಯ್ಡನ್‌ವರೆಗೆ ಹೋಗಿ ನಿಲ್ಲುತ್ತದೆ. ಎಸ್‌ಎಲ್10 ಹ್ಯಾರೋದಿಂದ ನಾರ್ತ್ ಫಿಂಚ್ಲಿಗೆ. ತುಂಡು ತುಂಡು ಮಾರ್ಗಗಳು ಒಂದಕ್ಕೊಂದು ತಾಗಿ ನಕ್ಷೆಯಲ್ಲಿ ಬಳೆಯ ಹಾಗೆ ಕಾಣುತ್ತವೆ. ಎಸ್‌ಎಲ್6 ಅಂತೂ ಬಳೆಯಲ್ಲೇ ಇಲ್ಲ, ನಡುನಗರದ ರಸೆಲ್ ಸ್ಕ್ವೇರ್‌ವರೆಗೆ ಬರುತ್ತದೆ. ಮೆಲ್ಬರ್ನ್‌ನಲ್ಲಿ ಆರ್ಬಿಟಲ್ ಅಂತಲೇ ಹೆಸರಿರುವ ಮೂರು ಮಾರ್ಗಗಳಿವೆ, 901, 902, 903. ಅಲ್ಲಿ ನಗರದ ಒಂದು ಬದಿಗೆ ಕೊಲ್ಲಿ ಇದೆ, ಪೂರಾ ಸುತ್ತು ಹಾಕಲು ನೆಲವೇ ಇಲ್ಲ. 903 ಕೊಲ್ಲಿಯ ಒಂದು ದಡದ ಆಲ್ಟೋನಾದಿಂದ ಹೊರಟು, ನಗರದ ಹೊರಗಿಂದ ಬಳಸಿಕೊಂಡು, ಇನ್ನೊಂದು ದಡದ ಮೊರ್ಡಿಯಾಲಕ್‌ಗೆ ಹೋಗುತ್ತದೆ. ಇದು ಕಮಾನು, ವರ್ತುಲ ಅಲ್ಲ.

ಆಮೇಲೆ ಅಚ್ಚಗನ್ನಡಕ್ಕೆ ಬಂದೆ. ‘ಸುತ್ತು ಮಾರ್ಗ’, ‘ಸುತ್ತು ಬಸ್’. ಕೇಳಲು ಚೆನ್ನಾಗಿದೆ, ಸಣ್ಣದಾಗಿದೆ, ಬೋರ್ಡಿನ ಮೇಲೂ ಹಿಡಿಸುತ್ತದೆ. ಅತ್ತಿಗೆಗೆ ತೋರಿಸಿದೆ. ಅವರು ದಿನಾ ಎರಡು ಬಸ್ ಬದಲಿಸಿ ಕೆಲಸಕ್ಕೆ ಹೋಗುವವರು. ‘ಸುತ್ತು ಬಸ್ ಅಂದ್ರೆ ಯಾರು ಹತ್ತುತ್ತಾರೆ? ನೇರ ಬಸ್ ಬರಲಿ ಅಂತ ಕಾಯ್ತಾರೆ’ ಅಂದರು.

ಆಗಲೇ ನನಗೆ ಹೊಳೆದದ್ದು. ಕನ್ನಡದಲ್ಲಿ ದಾರಿಯ ವಿಷಯಕ್ಕೆ ಬಂದಾಗ ‘ಸುತ್ತು’ ಅಂದರೆ ನಷ್ಟ. ‘ಸುತ್ತಾಗುತ್ತೆ’, ‘ಸುತ್ತಿ ಬಳಸಿ ಬಂದೆ’, ‘ಅಷ್ಟು ಸುತ್ತು ಹೊಡೆದು ಯಾಕೆ ಹೋಗ್ತೀಯ’. ಎಲ್ಲ ಕಡೆಯೂ ಹತ್ತಿರದ ದಾರಿ ಬಿಟ್ಟು ದೂರದ್ದು ಹಿಡಿದ ಅರ್ಥವೇ. ಈ ಬಸ್ ಇರುವುದೇ ಜನ ನಡುಪೇಟೆಗೆ ಸುತ್ತಿ ಬರುವುದನ್ನು ತಪ್ಪಿಸಲಿಕ್ಕೆ. ಇವತ್ತು ಸುತ್ತಿಕೊಂಡು ಹೋಗುತ್ತಿರುವುದು ಕಡ್ಡಿಗಳ ಮೇಲೆ ಓಡುವ ಬಸ್ಸಿನಲ್ಲಿರುವವರು. ಅದನ್ನು ನೇರ ಮಾಡುವ ಬಸ್ಸಿಗೇ ಸುತ್ತು ಅಂತ ಹೆಸರಿಟ್ಟರೆ ಅರ್ಥ ತಲೆಕೆಳಗಾಯಿತು ಅಲ್ವಾ? ನಕ್ಷೆ ನೋಡುವವನಿಗೆ ಅದು ಸುತ್ತು, ಹತ್ತುವವನಿಗೆ ಅದು ನೇರ. ಹೆಸರು ಹತ್ತುವವನ ಕಡೆಯಿಂದ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದರ ಬದಲು ‘ಅಡ್ಡ’ ಅನ್ನುವುದನ್ನು ಹಿಡಿದೆ. ಕಡ್ಡಿಗಳಿಗೆ ಅಡ್ಡವಾಗಿ ಹೋಗುವುದು, ಆಕಾರಕ್ಕೆ ಸರಿಯಾಗಿದೆ. ಆದರೆ ಅಡ್ಡದಾರಿ ಅಂದ ಕೂಡಲೇ ಮಗ ಅಡ್ಡದಾರಿ ಹಿಡಿದ ಅಂತ ತಾಯಿ ಅಳುವುದು ಕಣ್ಣಿಗೆ ಬರುತ್ತದೆ. ‘ಅಡ್ಡ ಮಾರ್ಗ’ ಅಂದರೂ ಅದೇ ವಾಸನೆ. ‘ಒಳದಾರಿ’ಯಲ್ಲಿ ಹತ್ತಿರ ಅನ್ನುವ ಒಳ್ಳೆಯ ಅರ್ಥ ಇದೆ, ಆದರೆ ಈ ಬಸ್ ಹೋಗುವುದು ಹೊರಗೆ, ಅದೂ ದೊಡ್ಡ ರಸ್ತೆಯಲ್ಲಿ.

ಕೊನೆಗೆ ಆ ಕಂಡಕ್ಟರಿಗೇ ಕೇಳಿದೆ. ನೀವಾದರೆ ಪ್ರಯಾಣಿಕರಿಗೆ ಏನಂತ ಹೇಳುತ್ತೀರಿ ಅಂತ. ಅವರು ಯೋಚನೆ ಮಾಡಲೇ ಇಲ್ಲ. ‘ಸಿಟಿ ಒಳಗೆ ಬರಲ್ಲ, ಹೊರಗಿಂದ ಹೊರಗೇ ಹೋಗುತ್ತೆ ಅಂತೀನಿ’ ಅಂದರು. ಎಷ್ಟು ಸಲೀಸಾಗಿದೆ ನೋಡಿ! ‘ಹೊರಗಿಂದ ಹೊರಗೇ’. ವೃತ್ತ ಇಲ್ಲ, ಸುತ್ತು ಇಲ್ಲ, ಎಲ್ಲಿಂದ ಎಲ್ಲಿಗೆ ಅನ್ನುವುದೂ ಇದೆ, ಒಳಗೆ ಬರುವುದಿಲ್ಲ ಅನ್ನುವುದೂ ಇದೆ. ಆದರೆ ಇದು ಮಾತಾಯಿತು, ಪದವಾಗಲಿಲ್ಲ. ಪದ ಮಾಡಲು ಹೋಗಿ ‘ಹೊರಹೊರ ಮಾರ್ಗ’ ಅಂತ ಬರೆದು ನೋಡಿದೆ. ಇಲ್ಲಿ ನನಗೆ ವ್ಯಾಕರಣ ತಿಳಿದವರ ಸಹಾಯ ಬೇಕು. ‘ದೂರದೂರದ ಊರುಗಳು’, ‘ಸಣ್ಣಸಣ್ಣ ಕಲ್ಲು’ ಅಂದಾಗ ಜೋಡಿಸಿದ್ದರಿಂದ ಬಹುವಚನದ ಅರ್ಥ ಬರುತ್ತದೆ, ಅಂಥವು ಹಲವು ಇವೆ ಅಂತ. ‘ಒಳಗೊಳಗೇ ಕೊರಗಿದ’ ಅಂದಾಗ ಹಾಗಲ್ಲ, ಒಳಗೆ ಮಾತ್ರ, ಹೊರಗೆ ಬರದಂತೆ ಅಂತ. ನನಗೆ ಬೇಕಾಗಿರುವುದು ಈ ಎರಡನೆಯದು. ‘ಹೊರಹೊರ ಮಾರ್ಗ’ದಲ್ಲಿ ಯಾವ ಅರ್ಥ ಮುಂದೆ ಬರುತ್ತದೆ? ನನ್ನ ಕಿವಿಗೆ ಎರಡನೆಯದೇ ಕೇಳುತ್ತದೆ. ಆದರೆ ಎರಡು ವಾರ ಅದನ್ನೇ ಜಪಿಸಿದ ಕಿವಿಯನ್ನು ನಂಬುವುದು ಕಷ್ಟ.

ಎರಡನೆಯದು ‘ಎಕ್ಸ್‌ಪ್ರೆಸ್’. ಇದನ್ನು ಹಾಗೇ ಇಟ್ಟುಕೊಂಡರೂ ನಷ್ಟ ಇಲ್ಲ, ಎಲ್ಲರಿಗೂ ಗೊತ್ತಿರುವ ಪದ. ಆದರೆ ಕೈಪಿಡಿಯಲ್ಲಿ ಒಂದು ಕಡೆ ಅದನ್ನು ಬಿಡಿಸಿ ಹೇಳಲೇಬೇಕು. ‘ವೇಗದೂತ’ ಬಸ್ಸಿನ ಬೋರ್ಡುಗಳಲ್ಲಿ ನೆಲೆಯಾದ ಚೆಂದದ ಪದ, ನನಗೆ ಇಷ್ಟ. ಆದರೆ ಅದು ವೇಗ ಅನ್ನುತ್ತದೆ. ಈ ಬಸ್ಸುಗಳಲ್ಲಿ ಸಮಯ ಉಳಿಯುವುದು ಜೋರಾಗಿ ಓಡಿಸುವುದರಿಂದ ಅಲ್ಲ, ಕಡಿಮೆ ನಿಲ್ಲುವುದರಿಂದ. ಲೆಕ್ಕ ಹಾಕಿ ನೋಡಿ. 24 ಕಿ.ಮೀ. ಮಾರ್ಗ, 400 ಮೀಟರಿಗೊಂದು ನಿಲುಗಡೆ ಅಂದರೆ ಸುಮಾರು 60 ಕಡೆ ನಿಲ್ಲಬೇಕು. ಬ್ರೇಕ್ ಹಾಕಿ, ಬಾಗಿಲು ತೆಗೆದು, ಜನ ಹತ್ತಿ ಇಳಿದು, ಮತ್ತೆ ಓಟಕ್ಕೆ ಬರುವಷ್ಟರಲ್ಲಿ ಒಂದೊಂದು ಕಡೆ ಅರ್ಧ ನಿಮಿಷ ಹೋಯಿತು ಅಂತಿಟ್ಟುಕೊಳ್ಳಿ. ಬರೀ ನಿಂತಿದ್ದರಲ್ಲೇ 30 ನಿಮಿಷ. ಅದೇ ರಸ್ತೆಯಲ್ಲಿ 1.6 ಕಿ.ಮೀ.ಗೊಂದು ಕಡೆ ನಿಂತರೆ 15 ನಿಲುಗಡೆ, ಏಳೂವರೆ ನಿಮಿಷ. ಡ್ರೈವರ್ ಒಂದು ಚೂರೂ ಜೋರಾಗಿ ಓಡಿಸದೆ 22 ನಿಮಿಷಕ್ಕೂ ಜಾಸ್ತಿ ಉಳಿಯಿತು.

‘ತಡೆರಹಿತ’ ಅಂದರೆ ಎಲ್ಲೂ ನಿಲ್ಲುವುದೇ ಇಲ್ಲ ಅಂತ, ಅದು ಬೇರೆ ಬಸ್. ‘ಸೀಮಿತ ನಿಲುಗಡೆ’ ಸರಿಯಾಗಿದೆ, ಆದರೆ ಕಚೇರಿ ಕಾಗದದ ಹಾಗೆ ಕೇಳುತ್ತದೆ. ನಾನು ‘ಮಿತ ನಿಲುಗಡೆ’ ಅಂತ ಇಟ್ಟುಕೊಂಡಿದ್ದೇನೆ. ‘ಮಿತಭಾಷಿ’ ಗೊತ್ತಿರುವವರಿಗೆ ‘ಮಿತ ನಿಲುಗಡೆ’ ಅರ್ಥವಾಗುತ್ತದೆ ಅನ್ನುವ ಧೈರ್ಯ.

ಒಂದು ಮಾತು ಇಲ್ಲೇ ಸೇರಿಸಿಬಿಡುತ್ತೇನೆ. ಹೊರಗಿಂದ ಹೊರಗೆ ಹೋಗುವುದು ಬೇರೆ, ಕಡಿಮೆ ಕಡೆ ನಿಲ್ಲುವುದು ಬೇರೆ. ಮೆಲ್ಬರ್ನಿನ ಆ ಮೂರು ಮಾರ್ಗಗಳು ಎಕ್ಸ್‌ಪ್ರೆಸ್ ಅಲ್ಲ, ದಾರಿಯುದ್ದಕ್ಕೂ ನಿಲ್ಲುತ್ತಾ ಹೋಗುತ್ತವೆ. ಲಂಡನ್ನಿನ ಎಸ್‌ಎಲ್7ರಲ್ಲಿ ಎರಡೂ ಗುಣ ಇದೆ. ಆದ್ದರಿಂದ ಎರಡನ್ನೂ ಒಂದೇ ಪದಕ್ಕೆ ತುರುಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಎರಡು ಬೇರೆ ಬೇರೆ ಪದ ಬೇಕು, ಬೇಕಾದಾಗ ಜೋಡಿಸಿಕೊಳ್ಳುವ ಹಾಗಿರಬೇಕು.

ಮೂರನೆಯದು ‘ಅಂತರ’. ಇದು ನನ್ನನ್ನು ನಿಜವಾಗಲೂ ಬೀಳಿಸಿತು. ಕರಡಿನ ಒಂದೇ ಪುಟದಲ್ಲಿ ಈ ಎರಡು ವಾಕ್ಯ ಬರೆದಿದ್ದೆ: ‘ಅಂತರ ಹೆಚ್ಚಿಸಿದರೆ ಪ್ರಯಾಣ ಬೇಗ ಮುಗಿಯುತ್ತದೆ’. ಕೆಳಗೆ, ‘ಅಂತರ ಹೆಚ್ಚಿಸಿದರೆ ಪ್ರಯಾಣ ತಡವಾಗುತ್ತದೆ’. ಎರಡೂ ನಿಜವೇ. ಮೊದಲನೆಯದು ನಿಲುಗಡೆಯಿಂದ ನಿಲುಗಡೆಗೆ ಇರುವ ದೂರ. ಎರಡನೆಯದು ಒಂದು ಬಸ್ ಹೋದ ಮೇಲೆ ಮುಂದಿನದು ಬರುವವರೆಗಿನ ಸಮಯ, ಹೆಡ್‌ವೇ ಅನ್ನುತ್ತಾರಲ್ಲ, ಅದು. ಬರೆದ ನನಗೆ ಗೊತ್ತಿತ್ತು, ಓದುವವರಿಗೆ ಹೇಗೆ ಗೊತ್ತಾಗಬೇಕು?

ನಿಲುಗಡೆಗಳ ನಡುವಿನದಕ್ಕೆ ಸುಮ್ನೆ ‘ದೂರ’ ಅಂದುಬಿಟ್ಟರೆ ಮುಗಿಯಿತು. ಸಮಯದ್ದಕ್ಕೆ ಏನು ಮಾಡುವುದು? ‘ಕಾಲಾಂತರ’ ಅಂದರೆ ಕಾಲ ಕಳೆದ ಮೇಲೆ ಅಂತ ಆಗಿಬಿಟ್ಟಿದೆ. ‘ಕಾಯುವ ಹೊತ್ತು’ ಅನ್ನುವ ಹಾಗಿಲ್ಲ. ಬಸ್ಸುಗಳು ಸಮನಾಗಿ ಬರುತ್ತಿದ್ದರೆ, ಸಮಯ ನೋಡದೆ ಬಂದು ನಿಂತವರು ಸರಾಸರಿ ಅದರ ಅರ್ಧದಷ್ಟು ಮಾತ್ರ ಕಾಯುತ್ತಾರೆ. 30 ನಿಮಿಷಕ್ಕೊಂದು ಬಸ್ ಇದ್ದರೆ ಸರಾಸರಿ 15 ನಿಮಿಷ. ‘ಬಿಡುವು’ ಅನ್ನೋಣ ಅಂದರೆ, ಟ್ರಿಪ್ ಮುಗಿಸಿದ ಡ್ರೈವರ್ ಕೊನೆಯ ನಿಲ್ದಾಣದಲ್ಲಿ ನಾಲ್ಕು ನಿಮಿಷ ಕಾಲು ಚಾಚುತ್ತಾರಲ್ಲ, ಅದಕ್ಕೆ ಆ ಪದ ಎತ್ತಿಟ್ಟುಕೊಂಡಿದ್ದೇನೆ. ಅದಕ್ಕಿಂತ ಒಪ್ಪುವ ಪದ ಅಲ್ಲಿಗೆ ಇಲ್ಲ.

ಮಾತಿನಲ್ಲಾದರೆ ಕನ್ನಡಕ್ಕೆ ಈ ತೊಂದರೆಯೇ ಇಲ್ಲ. ‘ಕಾಲು ಗಂಟೆಗೊಂದು ಬಸ್’ ಅಂದರೆ ಮುಗಿಯಿತು. ಆ ‘ಗೊಂದು’ ಅನ್ನುವುದೇ ಪೂರ್ತಿ ಕೆಲಸ ಮಾಡುತ್ತದೆ. ಎಸ್‌ಎಲ್7 ಆಗುವ ಮೊದಲು ಎಕ್ಸ್26 ಅನ್ನುವ ಹೆಸರಿನಲ್ಲಿ ಅದೇ ಮಾರ್ಗ ಅರ್ಧ ಗಂಟೆಗೊಂದು ಬಸ್ ಇದ್ದದ್ದು, 2023ರಲ್ಲಿ ಕಾಲು ಗಂಟೆಗೊಂದು ಆಯಿತು. ಇದನ್ನು ಬರೆಯಲು ನನಗೆ ಯಾವ ನಾಮಪದವೂ ಬೇಕಾಗಲಿಲ್ಲ. ಆದರೆ ಪಟ್ಟಿಯ ತಲೆಬರಹಕ್ಕೆ ಬೇಕು, ಸೂತ್ರಕ್ಕೂ ಬೇಕು. ಹೋಗಿ ಬರಲು ಬಿಡುವೂ ಸೇರಿ 120 ನಿಮಿಷ, 15 ನಿಮಿಷಕ್ಕೊಂದು ಬಸ್, ಹಾಗಾದರೆ 8 ಬಸ್ ಬೇಕು. ನಿಲುಗಡೆ ಕಡಿಮೆ ಮಾಡಿ 90 ನಿಮಿಷಕ್ಕೆ ಇಳಿಸಿದರೆ 6 ಸಾಕು. 120ನ್ನು 15ರಿಂದ ಭಾಗಿಸಬೇಕು ಅನ್ನುವಾಗ ಆ 15ಕ್ಕೆ ಒಂದು ಹೆಸರು ಇರಬೇಕಲ್ಲ? ‘ಸರದಿ’ ಅಂತ ಹಾಕಿ ನೋಡಿದೆ, ‘ಸರದಿ: 15 ನಿಮಿಷ’ ಅಂತ. ನನಗೆ ಪೂರ್ತಿ ಸಮಾಧಾನ ಇಲ್ಲ, ಯಾರ ಸರದಿ ಅನ್ನುವ ಪ್ರಶ್ನೆ ಏಳುತ್ತದೆ.

‘ಬದಲಿ’ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಒಂದು ಬಸ್ ಇಳಿದು ಇನ್ನೊಂದು ಹತ್ತುವ ಜಾಗಕ್ಕೆ ‘ಬದಲಿ ನಿಲ್ದಾಣ’ ಅಂತ ಬರೆದವರಿದ್ದಾರೆ. ಅದು ತಪ್ಪು ದಾರಿಗೆ ಎಳೆಯುತ್ತದೆ. ಬದಲಿ ಬಸ್ ಅಂದರೆ ಕೆಟ್ಟುನಿಂತ ಬಸ್ಸಿಗೆ ಬದಲು ಬಂದದ್ದು, ಬದಲಿ ನಿಲ್ದಾಣ ಅಂದರೆ ಹಳೆಯದು ಮುಚ್ಚಿದಾಗ ಕೊಟ್ಟದ್ದು. ‘ಕೂಡುನಿಲ್ದಾಣ’ ಅಂತ ಇಟ್ಟಿದ್ದೇನೆ, ಮಾರ್ಗಗಳು ಕೂಡುವ ಜಾಗ. ಇದಕ್ಕಿಂತ ಒಳ್ಳೆಯದು ಬಂದರೆ ಬಿಟ್ಟುಕೊಡಲು ತಯಾರಿದ್ದೇನೆ.

ನಿಮ್ಮ ಪದಗಳನ್ನು ಬಿಡಿಬಿಡಿಯಾಗಿ ಕಳಿಸುವುದಕ್ಕಿಂತ ಈ ಕೆಳಗಿನ ವಾಕ್ಯದಲ್ಲಿ ಹಾಕಿ ಕಳಿಸಿ. ಒಂಟಿಯಾಗಿ ಚೆನ್ನಾಗಿ ಕಾಣುವ ಪದ ವಾಕ್ಯದೊಳಗೆ ಕುಂಟುವುದನ್ನು ಈ ಎರಡು ವಾರದಲ್ಲಿ ಬಹಳ ಸಲ ನೋಡಿದ್ದೇನೆ. ಆಮೇಲೆ ಬಸ್ಸಿಗೆ ಕಾಯುತ್ತಿರುವ ಯಾರಿಗಾದರೂ ಅದನ್ನು ಜೋರಾಗಿ ಓದಿ ಹೇಳಿ, ಅವರು ಮೊದಲು ಏನು ಕೇಳಿದರು ಅನ್ನುವುದನ್ನೂ ಬರೆಯಿರಿ.

‘ಈ ಹೊರಹೊರ ಮಾರ್ಗದ ಮಿತ ನಿಲುಗಡೆ ಬಸ್ಸುಗಳ ಸರದಿ 15 ನಿಮಿಷ, ನಿಲುಗಡೆಗಳ ದೂರ 1.6 ಕಿ.ಮೀ., ಮೂರು ಕೂಡುನಿಲ್ದಾಣಗಳಲ್ಲಿ ಬಸ್ ಬದಲಿಸಬಹುದು.’