‘ಟ್ರೆಷರ್ ಐಲೆಂಡ್’ (1950): ನ್ಯೂಟನ್ ಅವರ ಅಭಿನಯ ಅತಿಯಾಯಿತೇ?

ಪ್ರಶ್ನೆ:
ಬೈರನ್ ಹ್ಯಾಸ್ಕಿನ್ ನಿರ್ದೇಶನದ ಈ ಚಿತ್ರವನ್ನು ಈಚೆಗೆ ನೋಡಿದೆ. ಆನಿಮೇಷನ್‌ಗೆ ಹೆಸರಾದ ಡಿಸ್ನಿ ಸಂಸ್ಥೆಯು ಸಂಪೂರ್ಣವಾಗಿ ನಟರನ್ನೇ ಬಳಸಿ ತಯಾರಿಸಿದ ಮೊದಲ ಕಥಾಚಿತ್ರವಿದು. ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್ ಪಾತ್ರದಲ್ಲಿ ರಾಬರ್ಟ್ ನ್ಯೂಟನ್ ಅವರು ಕಣ್ಣು ತಿರುಗಿಸುವುದು, ಮಾತನ್ನು ಎಳೆದೆಳೆದು ಆಡುವುದು ಸ್ವಲ್ಪ ಅತಿಯಾಯಿತೆಂದು ನಿಮಗೂ ಅನ್ನಿಸುತ್ತದೆಯೇ?

ಉತ್ತರ 1:
ನನಗೆ ಹಾಗೆ ಅನ್ನಿಸುವುದಿಲ್ಲ. ಹಡಗಿನ ಅಡುಗೆಯವನಾಗಿ ಕಥಾನಾಯಕನಾದ ಹುಡುಗ ಜಿಮ್‌ನನ್ನು ಅಕ್ಕರೆಯಿಂದ ಮಾತನಾಡಿಸುವವನೇ ದಂಗೆಯ ಸಂಚನ್ನೂ ಹೂಡುತ್ತಿರುವುದರಿಂದ, ಸಿಲ್ವರ್ ಹಗಲಿರುಳೂ ನಾಟಕವಾಡುತ್ತಲೇ ಬದುಕುವವನು. ಅಂಥವನ ಮಾತಿನಲ್ಲಿ ಬಣ್ಣ ಹೆಚ್ಚಿರುವುದೇ ಸಹಜ. ಡಾರ್ಸೆಟ್‌ನಲ್ಲಿ ಹುಟ್ಟಿದ ನ್ಯೂಟನ್ ನೈಋತ್ಯ ಇಂಗ್ಲೆಂಡಿನ ಉಚ್ಚಾರಣೆಯನ್ನೇ ಇಲ್ಲಿ ಹಿಗ್ಗಿಸಿ ಬಳಸಿದರು. ಆಮೇಲಿನ ಎಷ್ಟೋ ಕಡಲ್ಗಳ್ಳರ ಪಾತ್ರಗಳು ಅದೇ ದನಿಯಲ್ಲಿ ಮಾತನಾಡಿದವು ಎಂಬುದನ್ನು ಮರೆತು ನೋಡಿದರೆ ಮಾತ್ರ ಈ ಅಭಿನಯದ ಹೊಸತನ ಕಾಣುತ್ತದೆ.

ಉತ್ತರ 2:
ನನಗೆ ಕಿರಿಕಿರಿಯಾದದ್ದು ಬೇರೆಯೇ. ಸುತ್ತಲೂ ಬ್ರಿಟಿಷ್ ನಟರಿರುವಾಗ ಜಿಮ್ ಆಗಿ ಬಾಬಿ ಡ್ರಿಸ್ಕಾಲ್ ಅಮೆರಿಕನ್ ಉಚ್ಚಾರಣೆಯಲ್ಲಿ ಮಾತನಾಡುವುದು ಕಿವಿಗೆ ಹೊಂದುವುದಿಲ್ಲ. ಆದರೂ ಕೊನೆಯ ದೃಶ್ಯದಲ್ಲಿ ಆ ಹುಡುಗ ಗೆಲ್ಲುತ್ತಾನೆ: ಪಿಸ್ತೂಲು ಹಿಡಿದ ಸಿಲ್ವರ್ ಅವನ ಮೇಲೆ ಗುಂಡು ಹಾರಿಸಲಾರದೆ, ಮರಳಿಗೆ ಸಿಕ್ಕಿಕೊಂಡ ದೋಣಿಯನ್ನು ಒಬ್ಬನೇ ನೂಕಲು ಒದ್ದಾಡುತ್ತಿರುವಾಗ, ಜಿಮ್ ತಾನಾಗಿಯೇ ಬಂದು ಕೈಜೋಡಿಸುತ್ತಾನೆ. ಸಿಲ್ವರ್‌ನ ಈ ಪಲಾಯನ ಚಿತ್ರಕ್ಕೆ ಮೂಲವಾದ ಸ್ಟೀವನ್‌ಸನ್ನರ ಕಾದಂಬರಿಯಲ್ಲಿ ಹೀಗಿಲ್ಲ. ಬದಲಾವಣೆ ನನಗೆ ಬಹಳ ಹಿಡಿಸಿತು.

ಉತ್ತರ 3:
ಆ ದೃಶ್ಯವೇ ಮೂಲ ಪ್ರಶ್ನೆಗೂ ಉತ್ತರವೆಂದು ನನ್ನ ಭಾವನೆ. ಅಲ್ಲಿ ಹಿಂಜರಿಯುವ ಸಿಲ್ವರ್‌ನ ಮುಖದಲ್ಲಿ ಯಾವ ಅತಿಯೂ ಇಲ್ಲ.