ಕ್ರೂಸ್‌ನಲ್ಲಿ ಡಿನ್ನರ್ ಟೈಮ್ ಯಾವ್ದು ಹಾಕ್ಲಿ? ನಾಲ್ಕು ದಿನ ಊರು ಸುತ್ತೋದಿದೆ

ಕಡಲದಾರಿ:

ಎಲ್ರಿಗೂ ನಮಸ್ಕಾರ. ಮೊದಲನೇ ಸಲ ಕ್ರೂಸ್ ಹೋಗ್ತಿದೀವಿ, ಬುಕಿಂಗ್ ಎಲ್ಲಾ ಮುಗೀತು, ಈಗ ಡಿನ್ನರ್ ಟೈಮ್ ಆರಿಸಿ ಅಂತ ಕೇಳ್ತಿದೆ, ನಾನು ಎರಡು ದಿನದಿಂದ ಅಲ್ಲೇ ನಿಂತಿದೀನಿ. ಸಂಜೆ 5:30ರ ಸೀಟಿಂಗ್ ಒಂದು, ರಾತ್ರಿ 8:00ರದ್ದು ಒಂದು, ಮೂರನೇದು ಟೈಮ್ ಫಿಕ್ಸ್ ಇಲ್ಲದ್ದು, ನಮಗೆ ಬೇಕಾದಾಗ ಹೋಗಿ ಕೂರಬಹುದಂತೆ.

ಏಳು ರಾತ್ರಿ ಟ್ರಿಪ್. ಇಟಲಿಯ ಚಿವಿಟಾವೆಕ್ಕಿಯಾದಲ್ಲಿ (ರೋಮ್ ಹತ್ರದ ಬಂದರು) ಹತ್ತೋದು, ಮಾರನೇ ದಿನ ನೇಪಲ್ಸ್ (ಸಂಜೆ 6:30ಕ್ಕೆ ಹಡಗು ಹೊರಡುತ್ತೆ), ಒಂದು ದಿನ ಪೂರ್ತಿ ಸಮುದ್ರ, ಆಮೇಲೆ ಗ್ರೀಸಿನ ಸ್ಯಾಂಟೊರಿನಿ (ರಾತ್ರಿ 8ಕ್ಕೆ), ಟರ್ಕಿಯ ಕುಸಾದಾಸಿ (ಸಂಜೆ 5ಕ್ಕೆ), ಮತ್ತೆ ಗ್ರೀಸಿನ ಮೈಕೊನೋಸ್ (ಸಂಜೆ 6ಕ್ಕೆ), ಮತ್ತೆ ಒಂದು ದಿನ ಸಮುದ್ರ, ವಾಪಸ್. ನಾವು ನಾಲ್ಕು ಜನ, ನಾನು, ನಮ್ಮೆಜಮಾನ್ರು, 6 ವರ್ಷದ ಮಗಳು, 70 ದಾಟಿರೋ ಅತ್ತೆ. ಅತ್ತೆಗೆ ಶುಗರ್ ಇದೆ, ಊಟ ಹೊತ್ತಿಗೆ ಸರಿಯಾಗಿ ಆಗ್ಬೇಕು, ಮಗಳು ಎಂಟೂವರೆ ಅಂದ್ರೆ ಕೂತಲ್ಲೇ ನಿದ್ದೆ ಹೋಗ್ತಾಳೆ. ಅದಕ್ಕೇ 5:30 ಹಾಕೋಣ ಅಂತ ಕೈ ಹೋಗುತ್ತೆ, ಆದ್ರೆ ನೇಪಲ್ಸ್‌ನಲ್ಲಿ ಪೊಂಪೇಯಿ (ಜ್ವಾಲಾಮುಖಿ ಬೂದಿಯಲ್ಲಿ ಹೂತುಹೋದ ಹಳೇ ಊರು) ನೋಡೋ ಇಡೀ ದಿನದ ಟೂರ್ ತಗೊಂಡಿದೀವಿ, ಅದು ಸಂಜೆ ಐದರ ಹೊತ್ತಿಗೆ ವಾಪಸ್ ಅಂತ ಬರೆದಿದಾರೆ. ಅಷ್ಟರಲ್ಲಿ ಬಂದು ಊಟಕ್ಕೆ ಕೂರೋಕಾಗುತ್ತಾ? ಹೋಗಿ ಬಂದೋರು ದಯವಿಟ್ಟು ಹೇಳಿ.

ನೀಲಿಅಲೆ:

ಮೇಡಂ, ನೇಪಲ್ಸ್ ದಿನ 5:30 ಆಗಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಟೂರ್ ಕಾಗದದಲ್ಲಿ ಐದು ಗಂಟೆ ಅಂತ ಬರೆದಿರೋದು ಬಸ್ಸು ಬಂದರಿಗೆ ಬಂದು ನಿಲ್ಲೋ ಹೊತ್ತು, ನೀವು ಟೇಬಲ್ ಮುಂದೆ ಕೂರೋ ಹೊತ್ತಲ್ಲ. ಬಸ್ಸಿಂದ ಇಳೀತೀರಾ, ಅದೇ ಹೊತ್ತಿಗೆ ಇನ್ನೂ ಹತ್ತು ಬಸ್ಸು ಬಂದಿರುತ್ತೆ, ಹಡಗಿನ ಏಣಿ ಹತ್ರ ಸಾಲು, ಕಾರ್ಡ್ ತೋರಿಸ್ಬೇಕು, ಬ್ಯಾಗು ಎಕ್ಸ್‌ರೇ ಒಳಗೆ ಹೋಗ್ಬೇಕು, ಆಮೇಲೆ ಲಿಫ್ಟ್ ಹತ್ರ ಇನ್ನೊಂದು ಸಾಲು. ರೂಮಿಗೆ ಬಂದ್ರೆ ನಾಲ್ಕು ಜನಕ್ಕೆ ಒಂದೇ ಬಚ್ಚಲು. ಪೊಂಪೇಯಿ ಅಂದ್ರೆ ಬಿಸಿಲು, ಮೇಲಿಂದ ಧೂಳು, ಕಾಲ್ಕೆಳಗೆ ದೊಡ್ಡ ದೊಡ್ಡ ಕಲ್ಲು ಹಾಸಿರೋ ಹಳೇ ರಸ್ತೆ, ಎರಡು ಗಂಟೆ ನಡೆದ್ರೆ ವಯಸ್ಸಾದೋರಿಗೆ ಜೀವ ಬಾಯಿಗೆ ಬರುತ್ತೆ, ನಿಮ್ಮ ಅತ್ತೆ ಬಂದ ತಕ್ಷಣ ಅರ್ಧ ಗಂಟೆ ಕಾಲು ಚಾಚಿ ಮಲಗ್ಲೇಬೇಕು. ನಾನು ಯಾವತ್ತೂ ಬಸ್ಸು ನಿಂತ ಹೊತ್ತಿಗೆ ಒಂದೂವರೆ ಗಂಟೆ ಸೇರಿಸಿ ಊಟದ ಟೈಮ್ ಲೆಕ್ಕ ಹಾಕೋದು. ಐದಕ್ಕೆ ಬಂದ್ರೆ ಆರೂವರೆ. 5:30ರ ಸೀಟಿಂಗ್‌ಗೆ ಹದಿನೈದು ಇಪ್ಪತ್ತು ನಿಮಿಷ ತಡ ಆದ್ರೆ ಬಿಟ್ಕೋತಾರೆ, ಅದಕ್ಕಿಂತ ಹೆಚ್ಚಾದ್ರೆ ಬೇರೆಯವರೆಲ್ಲ ಅರ್ಧ ಊಟ ಮುಗಿಸಿರ್ತಾರೆ.

ಸ್ಯಾಂಟೊರಿನಿ ಇನ್ನೂ ಕಷ್ಟ. ಅಲ್ಲಿ ಹಡಗು ದಡಕ್ಕೆ ಬರಲ್ಲ, ಕೊಲ್ಲಿ ಮಧ್ಯದಲ್ಲೇ ನಿಲ್ಲುತ್ತೆ, ಸಣ್ಣ ದೋಣಿಗಳಲ್ಲಿ ಹೋಗಿ ಬರ್ಬೇಕು, ಟೆಂಡರ್ ಅಂತಾರೆ ಅದಕ್ಕೆ. ಊರು ಇರೋದು ಬಂಡೆ ನೆತ್ತಿ ಮೇಲೆ. ಕೆಳಗಿನ ಹಳೇ ಬಂದರಿಗೆ ಇಳೀಬೇಕಂದ್ರೆ ಕೇಬಲ್ ಕಾರು, ಇಲ್ಲಾ 588 ಮೆಟ್ಟಿಲು, ಇಲ್ಲಾ ಕತ್ತೆ. ಹಡಗಿನೋರ ಟೂರ್ ತಗೊಂಡ್ರೂ ಹೋಗುವಾಗ ಬೇರೆ ಬಂದರಿಂದ ಬಸ್ಸಲ್ಲಿ ಹತ್ತಿಸಿ, ಕೊನೆಗೆ ಬಂಡೆ ಮೇಲಿನ ಫಿರಾ ಊರಲ್ಲಿ ಬಿಟ್ಟು ಕೇಬಲ್ ಕಾರಿನ ಟಿಕೆಟ್ ಕೈಗೆ ಕೊಡೋದೇ ಹೆಚ್ಚು, ಇಳಿಯೋ ಸಾಲು ನಿಮ್ಮ ಪಾಲಿಗೇ. ನಾವು ಹೋದಾಗ ಇನ್ನೂ ಮೂರು ಹಡಗು ನಿಂತಿತ್ತು, ಸಾಲು ಕೇಬಲ್ ಕಾರಿನ ಬಾಗಿಲಿಂದ ಅಂಗಡಿ ಬೀದಿ ಒಳಗೆ ತಿರುಗಿ ಇನ್ನೊಂದು ತಿರುವಿನ ತನಕ ಹೋಗಿತ್ತು, ಒಂದು ಗಂಟೆ ಹತ್ತು ನಿಮಿಷ ನಿಂತ್ವಿ. ನಮ್ಮಮ್ಮ ಒಂದು ಅಂಗಡಿ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿ ಪಾದ ಒತ್ಕೊಳ್ತಾ ಇದ್ರು, ಸಾಲು ನಾಲ್ಕು ಹೆಜ್ಜೆ ಮುಂದೆ ಹೋದಾಗೆಲ್ಲ ಎದ್ದು ಬಂದು ಮತ್ತೆ ಕೂರೋರು, ಚಪ್ಪಲಿ ಕೈಯಲ್ಲೇ. ನಾನು ಅವತ್ತು ರಾತ್ರಿ 7ಕ್ಕೆ ಒಂದು ಸ್ಪೆಷಲ್ ರೆಸ್ಟೋರೆಂಟಲ್ಲಿ ಟೇಬಲ್ ಬುಕ್ ಮಾಡಿದ್ದೆ, ಹಡಗು ಹತ್ತಿದ್ದೇ 7:20ಕ್ಕೆ, ಟೇಬಲ್ಲೂ ಹೋಯ್ತು ಕಟ್ಟಿದ್ದ ದುಡ್ಡೂ ಹೋಯ್ತು. ಸ್ಯಾಂಟೊರಿನಿ ದಿನ ದುಡ್ಡು ಕೊಟ್ಟು ಯಾವ ಟೇಬಲ್ಲೂ ಹಿಡೀಬೇಡಿ.

ಕುಸಾದಾಸಿ ಮಾತ್ರ ಸಲೀಸು. ಎಫೆಸಸ್ (ಹಳೇ ಕಾಲದ ಊರಿನ ಅವಶೇಷ) ಅಲ್ಲಿಂದ ಸುಮಾರು 20 ಕಿಲೋಮೀಟರ್ ಅಷ್ಟೇ, ಬೆಳಿಗ್ಗೆ ಹೋದ್ರೆ ಮಧ್ಯಾಹ್ನದೊಳಗೆ ಬರ್ತೀರಾ, ಮಲಗಿ ಎದ್ದು ಆರಾಮಾಗಿ 5:30ಕ್ಕೆ ಹೋಗಬಹುದು. ಮೈಕೊನೋಸ್‌ನಲ್ಲೂ ನಾಲ್ಕರೊಳಗೆ ಬಂದುಬಿಟ್ರೆ ಆಗುತ್ತೆ. ಕೊನೇ ರಾತ್ರಿ ಪೆಟ್ಟಿಗೆ ಕಟ್ಟಿ ರೂಮಿನ ಹೊರಗಿಡೋದಿರುತ್ತೆ, ಅವತ್ತೂ ಬೇಗ ಉಂಡಷ್ಟು ಒಳ್ಳೇದು.

ಅಂದ್ರೆ ನಿಮ್ಮ ಏಳು ರಾತ್ರಿಗೂ ಒಂದೇ ಟೈಮ್ ಹೊಂದಲ್ಲ. ಹಾಗಾಗಿ ನನ್ನ ಓಟು ಮೂರನೇದಕ್ಕೆ, ಫಿಕ್ಸ್ ಇಲ್ಲದ್ದಕ್ಕೆ. ಆದ್ರೆ ಸುಮ್ನೆ ಹೋಗಿ ನಿಂತ್ಕೋಬೇಡಿ, ಏಳು ಗಂಟೆಗೆ ಬಾಗಿಲಲ್ಲಿ ಜಾತ್ರೆ ಇರುತ್ತೆ. ಎಷ್ಟೋ ಹಡಗುಗಳ ಆ್ಯಪಲ್ಲಿ ದಿನಕ್ಕೊಂದು ಟೈಮ್ ಮೊದಲೇ ಹಾಕೋಕೆ ಬಿಡ್ತಾರೆ, ನೇಪಲ್ಸ್ 6:45, ಸ್ಯಾಂಟೊರಿನಿ ಏನೂ ಬೇಡ, ಕುಸಾದಾಸಿ 5:45, ಹೀಗೆ.

ಮೂರನೇಟೇಬಲ್:

ನೀಲಿಅಲೆ ಅವರ ಲೆಕ್ಕ ಸರಿ ಇದೆ, ಆದ್ರೆ ನಾನು ಒಪ್ಪಲ್ಲ, ನಾನಾಗಿದ್ರೆ ಕಣ್ಮುಚ್ಚಿ 5:30 ಹಾಕ್ತಿದ್ದೆ.

ಏಳರಲ್ಲಿ ಎರಡು ರಾತ್ರಿ ತಪ್ಪುತ್ತೆ, ತಪ್ಪಲಿ ಬಿಡಿ. ಡೈನಿಂಗ್ ರೂಮಿಗೆ ಹೋಗದೇ ಇದ್ರೆ ಯಾರೂ ಕೇಳಲ್ಲ, ದಂಡ ಇಲ್ಲ, ಹಿಂದಿನ ರಾತ್ರಿ ನಿಮ್ಮ ವೇಟರ್‌ಗೆ ನಾಳೆ ಬರಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗೀತು (ಹೇಳಿ, ಪಾಪ ಅವರು ಕಾಯ್ತಾರೆ). ಆ ಎರಡು ದಿನ ಮೇಲಿನ ಬಫೆಗೆ ಹೋಗಿ, ಮೈ ಕೈ ನೋವಾಗಿ ಬಂದ ದಿನ ಬಟ್ಟೆ ಬದಲಾಯಿಸಿ ಎರಡು ಗಂಟೆ ನೆಟ್ಟಗೆ ಕೂರೋ ಊಟ ಯಾರಿಗೂ ಬೇಡ.

ಫಿಕ್ಸ್ ಸೀಟಿಂಗಲ್ಲಿ ದಿನಾ ಅದೇ ಟೇಬಲ್, ಅದೇ ವೇಟರ್. ಇದು ಕೇಳೋಕೆ ಸಣ್ಣದು ಅನ್ಸುತ್ತೆ, ಮಗು ಮತ್ತೆ ವಯಸ್ಸಾದೋರು ಇದ್ದಾಗ ಇದೇ ದೊಡ್ಡದು. ನಮ್ಮಪ್ಪನಿಗೆ ಉಪ್ಪು ಕಮ್ಮಿ ಬೇಕು, ಮೊದಲ ರಾತ್ರಿ ಹೇಳಿದ್ವಿ, ಎರಡನೇ ರಾತ್ರಿ ನೆನಪು ಮಾಡಿದ್ವಿ, ಮೂರನೇ ರಾತ್ರಿ ನಾವು ಕುರ್ಚಿ ಎಳ್ಕೊಳ್ಳೋ ಹೊತ್ತಿಗೆ ಉಪ್ಪಿಲ್ಲದ ಸೂಪು ಒಂದು ಬೇರೆ ತಟ್ಟೆ ಮುಚ್ಚಿ ತಂದಿಟ್ರು, ಉಪ್ಪಿನ ಡಬ್ಬಿ ಎತ್ತಿ ನನ್ನ ಕಡೆ ಸರಿಸಿದ್ರು. ಅಪ್ಪ ಟ್ರಿಪ್ಪೆಲ್ಲ ಅವರ ಬಗ್ಗೆನೇ ಮಾತಾಡಿದ್ರು. ಟೈಮ್ ಫಿಕ್ಸ್ ಇಲ್ಲದೇ ಹೋದ್ರೆ ದಿನಾ ಹೊಸ ಮುಖ, ದಿನಾ ಶುಗರ್ ಕಥೆ ಮೊದಲಿಂದ ಹೇಳ್ಬೇಕು.

ಇನ್ನೊಂದು ವಿಷಯ, ಹಡಗಲ್ಲಿ ರಾತ್ರಿ ನಡೆಯೋ ಷೋ ಟೈಮ್ ಕೂಡ ಸೀಟಿಂಗ್ ನೋಡ್ಕೊಂಡೇ ಇಟ್ಟಿರ್ತಾರೆ. ಬೇಗ ಉಂಡೋರು ಆಮೇಲೆ ಷೋ ನೋಡ್ತಾರೆ, ತಡವಾಗಿ ಉಣ್ಣೋರು ಮೊದಲೇ ನೋಡ್ತಾರೆ. ಮಗಳು ಎಂಟೂವರೆಗೆ ಮಲಗ್ತಾಳೆ ಅಂದ್ರೆ ಅದನ್ನೂ ಯೋಚಿಸಿ.

ಕಡಲದಾರಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಸ್ಯಾಂಟೊರಿನಿ ಸಾಲಿನ ವಿಷಯ ಓದಿ ಭಯ ಆಯ್ತು, ಅತ್ತೆಗೆ ಅಷ್ಟು ಹೊತ್ತು ನಿಲ್ಲೋಕಾಗಲ್ಲ. ಒಂದು ಡೌಟು, ಅವತ್ತು ಸಂಜೆ ಆರು ಏಳರ ತನಕ ಹಡಗಿಂದ ಹೊರಗೇ ಇದ್ರೆ ಅವರ ಮಾತ್ರೆ, ಊಟ ಹೇಗೆ ಮಾಡ್ಸೋದು? ಹಡಗಿಂದ ತಿನ್ನೋದು ಕಟ್ಕೊಂಡು ಹೋಗಬಹುದಾ?

ದಡಮುಟ್ಟಿದೋಳು:

ಕಡಲದಾರಿ ಅವರೇ, ನನಗೂ ಶುಗರ್ ಇದೆ, ನಾಲ್ಕು ಸಲ ಹೋಗಿದೀನಿ, ಅದಕ್ಕೇ ಬರೀತಿದೀನಿ.

ಬಫೆಯಿಂದ ಹಣ್ಣು, ಸ್ಯಾಂಡ್‌ವಿಚ್ಚು ಕಟ್ಕೊಂಡು ಇಳಿಯೋಕೆ ಬಹಳ ಬಂದರುಗಳಲ್ಲಿ ಬಿಡಲ್ಲ, ಹಣ್ಣು, ಮಾಂಸ, ಹಾಲಿನ ಪದಾರ್ಥಕ್ಕೆಲ್ಲ ಆಯಾ ದೇಶದ ಕಾನೂನು ಅಡ್ಡ ಬರುತ್ತೆ, ಏಣಿ ಹತ್ರನೇ ಬೋರ್ಡು ಇರುತ್ತೆ. ಸೀಲ್ ಒಡೆಯದ ಬಿಸ್ಕೆಟ್ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ನಾನು ಎರಡು ಪ್ಯಾಕೆಟ್ಟು, ಜೊತೆಗೆ ಶುಗರ್ ಇಳಿದ್ರೆ ಅಂತ ನಾಲ್ಕು ಗ್ಲೂಕೋಸ್ ಮಾತ್ರೆ, ಇಷ್ಟು ಬ್ಯಾಗಿನ ಹೊರಗಿನ ಜೇಬಲ್ಲಿ ಇಟ್ಕೊಂಡಿರ್ತೀನಿ, ಒಳಗಿನ ಜೇಬಲ್ಲಿಟ್ರೆ ಸಾಲಲ್ಲಿ ನಿಂತಾಗ ಕೈಗೆ ಸಿಗಲ್ಲ. ಮಾತ್ರೆ ಹೊತ್ತು ಹಿಂದೆ ಮುಂದೆ ಮಾಡೋದು ಮಾತ್ರ ಹೊರಡೋ ಮುಂಚೆನೇ ಅವರ ಡಾಕ್ಟರ್ ಹತ್ರ ಕೇಳಿ ಬರೆಸ್ಕೊಳ್ಳಿ, ಯಾಕಂದ್ರೆ ಇಲ್ಲಿ ಯಾರೂ ಇನ್ನೂ ಹೇಳದೇ ಇರೋ ಒಂದು ವಿಷಯ ಇದೆ, ಗಡಿಯಾರ.

ಇಟಲಿಗಿಂತ ಗ್ರೀಸು, ಬೇಸಿಗೆಯಲ್ಲಿ ಟರ್ಕಿನೂ, ಒಂದು ಗಂಟೆ ಮುಂದೆ. ನೇಪಲ್ಸ್ ಬಿಟ್ಟ ಮೇಲೆ ಒಂದು ರಾತ್ರಿ ಹಡಗಲ್ಲಿ ಗಡಿಯಾರ ಮುಂದೆ ಮಾಡಿ ಅಂತ ಚೀಟಿ ಬರುತ್ತೆ, ಒಂದು ಗಂಟೆ ನಿದ್ದೆ ಹೋಗುತ್ತೆ, ಮಾರನೇ ದಿನ 5:30ರ ಊಟ ಅಂದ್ರೆ ಹೊಟ್ಟೆಗೆ 4:30. ವಾಪಸ್ ಬರುವಾಗ ಉಲ್ಟಾ, ಐದೂವರೆ ಅಂದ್ರೆ ಹೊಟ್ಟೆಗೆ ಆರೂವರೆ, ಶುಗರ್ ಇರೋರಿಗೆ ಇದು ತಿಳಿದಿರ್ಬೇಕು. ಊಟ, ಷೋ, ಕೊನೇ ಟೆಂಡರ್, ಎಲ್ಲಾ ನಡೆಯೋದು ಹಡಗಿನ ಟೈಮಲ್ಲಿ, ಫೋನಿನ ಟೈಮಲ್ಲಲ್ಲ. ಫೋನು ದಡದ ಸಿಗ್ನಲ್ ಹಿಡ್ಕೊಂಡು ತಾನೇ ಬದಲಾಗುತ್ತೆ, ಸಮುದ್ರದಲ್ಲಿ ಸಿಗ್ನಲ್ ಇಲ್ದೇ ಹಳೇದರಲ್ಲೇ ನಿಂತಿರುತ್ತೆ. ಒಂದು ಸಲ ಫೋನ್ ನಂಬಿ ಊಟಕ್ಕೆ ಒಂದು ಗಂಟೆ ತಡ ಹೋದೆ, ಇಂಜೆಕ್ಷನ್ ಬೇರೆ ತಗೊಂಡಾಗಿತ್ತು, ಕೈ ನಡುಗೋಕೆ ಶುರುವಾಯ್ತು, ಬಾಗಿಲಲ್ಲಿದ್ದ ಹುಡುಗಿ ಮುಖ ನೋಡೇ ಅರ್ಥ ಮಾಡ್ಕೊಂಡು ಒಂದು ಲೋಟ ಜ್ಯೂಸ್ ತಂದು ಅಲ್ಲೇ ಕೂರಿಸಿದ್ಲು. ಆವತ್ತಿಂದ ಮುಳ್ಳಿನ ವಾಚು ಕಟ್ತೀನಿ, ಅದರಲ್ಲಿ ಹಡಗಿನ ಟೈಮ್ ಮಾತ್ರ. ನಿಮ್ಮ ಅತ್ತೆಗೂ ಒಂದು ಕಟ್ಸಿ.

ಸ್ಯಾಂಟೊರಿನಿ ಬಗ್ಗೆ: ಕೊನೇ ಹೊತ್ತಿಗೆ ಎಲ್ರೂ ಒಟ್ಟಿಗೆ ಇಳಿಯೋದ್ರಿಂದ ಸಾಲು ಉದ್ದ ಆಗೋದು, ಮೂರು ಮೂರೂವರೆಗೆಲ್ಲ ಕೇಬಲ್ ಕಾರಿನ ಹತ್ರ ಬಂದುಬಿಡಿ. ಸೂರ್ಯಾಸ್ತ ಅಂತ ಆಸೆ ಇಟ್ಕೋಬೇಡಿ, ಜೂನ್ ಜುಲೈಯಲ್ಲಿ ಅಲ್ಲಿ ಸೂರ್ಯ ಮುಳುಗೋದೇ ಎಂಟೂವರೆ ಹೊತ್ತಿಗೆ, ನಿಮ್ಮ ಹಡಗು ಎಂಟಕ್ಕೇ ಹೊರಡುತ್ತೆ. ಆದ್ರೆ ಬೇಗ ಬಂದು ಬಫೆಯಿಂದ ತಟ್ಟೆ ತಗೊಂಡು ಹಿಂಭಾಗದ ಡೆಕ್ಕಲ್ಲಿ ಕೂತ್ರೆ, ಹಡಗು ಮೆಲ್ಲಗೆ ತಿರುಗುವಾಗ ಬಂಡೆ ಮೇಲಿನ ಬಿಳೀ ಮನೆಗಳು ಒಂದೊಂದೇ ಹಳದಿ ಆಗ್ತಾ ಬರುತ್ತೆ, ನಾನು ಕಂಡಿರೋ ಊಟಗಳಲ್ಲಿ ಅದೇ ಮೇಲು.

ಡೆಕ್‌ಒಂಬತ್ತು:

ನಮ್ಮದು ಅಲಾಸ್ಕಾ, ಆದ್ರೆ ಲೆಕ್ಕ ಒಂದೇ. ಜೂನಲ್ಲಿ ಜೂನೋ ಊರಲ್ಲಿ ರಾತ್ರಿ ಹತ್ತರ ತನಕ ಬೆಳಕು, ಹಡಗು ಒಂಬತ್ತು ಹತ್ತರ ತನಕ ನಿಂತಿರುತ್ತೆ, ತಿಮಿಂಗಿಲ ನೋಡೋ ಟ್ರಿಪ್ಪು ಸಂಜೆನೂ ಇರುತ್ತೆ, ಹೊರಗೆ ಬೆಳಕಿರೋದ್ರಿಂದ ಊಟದ ನೆನಪೇ ಬರಲ್ಲ. ನಾವು ಟೂರ್ ಬುಕ್ ಮಾಡೋವಾಗ್ಲೇ ಒಳಗೆ ಮಧ್ಯಾಹ್ನದ ಊಟ ಸೇರಿದ್ಯಾ ಅಂತ ನೋಡ್ಕೊಳ್ತಿದ್ವಿ, ಸೇರಿದ್ರೆ ರಾತ್ರಿ ತಡ ಆದ್ರೂ ತಡ್ಕೋಬಹುದು, ಇಲ್ಲಾಂದ್ರೆ ಬಂದ ತಕ್ಷಣ ಮೊದಲು ಬಫೆ, ಆಮೇಲೆ ಸ್ನಾನ. ಇನ್ನೊಂದು, ಹಡಗಿನೋರೇ ಮಾರಿದ ಟೂರ್ ತಡವಾದ್ರೆ ಅವರೇ ಕಾಯ್ತಾರೆ ಇಲ್ಲಾ ಮುಂದಿನ ಬಂದರಿಗೆ ಕಳಿಸೋ ವ್ಯವಸ್ಥೆ ಮಾಡ್ತಾರೆ, ಸ್ವಂತ ಟ್ಯಾಕ್ಸಿ ಮಾಡ್ಕೊಂಡು ಹೋದ್ರೆ ಆ ಭರವಸೆ ಇಲ್ಲ. ಹತ್ತಬೇಕಾದ ಹೊತ್ತು ಹೊರಡೋ ಹೊತ್ತಿಗಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಇರುತ್ತೆ, ನೇಪಲ್ಸ್ 6:30 ಅಂದ್ರೆ ನಿಮಗೆ 6 ಅಥವಾ 5:30 ಅಂತ ತಿಳ್ಕೊಳ್ಳಿ.

ನೀಲಿಅಲೆ:

ಮೂರನೇಟೇಬಲ್ ಅವರು ಹೇಳಿದ ವೇಟರ್ ವಿಷಯ ನಿಜ, ನಾನು ಅದನ್ನ ಬಿಟ್ಟಿದ್ದು ತಪ್ಪು. ಫಿಕ್ಸ್ ಇಲ್ಲದ್ದು ತಗೊಂಡ್ರೂ ಮೊದಲ ದಿನ ಹತ್ತಿದ ಮಧ್ಯಾಹ್ನನೇ ಡೈನಿಂಗ್ ರೂಮಿನ ಹೆಡ್ ವೇಟರ್ ಹತ್ರ ಹೋಗಿ ಅತ್ತೆಯವರ ವಿಷಯ ಹೇಳಿ, ಆದಷ್ಟು ದಿನ ಒಂದೇ ವೇಟರ್ ಕಡೆ ಕೂರಿಸಿ ಅಂತ ಕೇಳಿ. ಜಾಗ ಇದ್ರೆ ಮಾಡಿಕೊಡ್ತಾರೆ, ನಮಗೆ ಐದು ರಾತ್ರಿ ಮಾಡಿಕೊಟ್ರು. ಟೈಮ್ ಬದಲಾಯಿಸೋದಿದ್ರೂ ಆವತ್ತೇ ಕೇಳ್ಬೇಕು, ಎರಡನೇ ದಿನಕ್ಕೆ ಎಲ್ಲಾ ತುಂಬಿ ಹೋಗಿರುತ್ತೆ.

ಕಡಲದಾರಿ:

ರಾತ್ರಿ ಮನೇಲಿ ಎಲ್ರೂ ಕೂತು ಓದಿದ್ವಿ. ಫಿಕ್ಸ್ ಇಲ್ಲದ್ದೇ ಹಾಕಿದೆ. ಆ್ಯಪಲ್ಲಿ ನೇಪಲ್ಸ್ ದಿನ 6:45, ಕುಸಾದಾಸಿ, ಮೈಕೊನೋಸ್, ಎರಡು ಸಮುದ್ರದ ದಿನ ಎಲ್ಲಾ 5:45 ಸಿಕ್ತು, ಸ್ಯಾಂಟೊರಿನಿ ಖಾಲಿ ಬಿಟ್ಟಿದೀನಿ, ಆವತ್ತು ಡೆಕ್ಕಲ್ಲೇ ಊಟ. ಅಲ್ಲಿನ ಟೂರನ್ನ ಬೆಳಗಿನ ಚಿಕ್ಕ ಟೂರಿಗೆ ಬದಲಾಯಿಸಿದೆ, ಮೂರು ಗಂಟೆಗೆ ಕೇಬಲ್ ಕಾರು. ಡಾಕ್ಟರ್ ಹತ್ರ ಸೋಮವಾರ ಹೋಗ್ತೀವಿ. ಅತ್ತೆ ತಮ್ಮ ಹಳೇ ಕೀ ಕೊಡೋ ವಾಚು ಪೆಟ್ಟಿಗೆಯಿಂದ ತೆಗೆದು ಇಟ್ಕೊಂಡಿದಾರೆ, ಮಗಳು ಆಗ್ಲೇ ಅದಕ್ಕೆ ಹಡಗಿನ ಟೈಮ್ ಎಷ್ಟು ಅಂತ ಕೇಳ್ತಿದಾಳೆ.